ಮೇಸ್ತ್ರಿಯ ಉಸಿರು ಮತ್ತು ನಲವತ್ತೊಂದು ಸೆಕೆಂಡು

ಎಂಟು ಕುರ್ಚಿಗಳಲ್ಲಿ ಆರು ಖಾಲಿ ಇದ್ದವು. ಆದರೆ ಎಂಟು ಪರದೆಗಳೂ ಉರಿಯುತ್ತಿದ್ದವು.

ಸೂಜಿಯಮ್ಮ ಬಾಗಿಲಲ್ಲೇ ನಿಂತು ಇದನ್ನು ಎರಡು ಸಲ ಎಣಿಸಿದಳು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಚಪ್ಪಲಿ ಸವೆಸಿ ನಿವೃತ್ತಳಾದ ಮೇಲೂ ಅವಳಿಗೆ ಎರಡು ಸಲ ಎಣಿಸುವ ಚಾಳಿ ಬಿಟ್ಟಿರಲಿಲ್ಲ. ಚುಚ್ಚಿ ಮಾತಾಡುವ ಚಾಳಿಯೂ ಬಿಟ್ಟಿರಲಿಲ್ಲ. ಇಲಾಖೆಯವರು ಇಟ್ಟ ಈ ಅಡ್ಡಹೆಸರು ಈಗ ಅವಳ ಮನೆಯ ಗೇಟಿನ ಮೇಲೂ ಇತ್ತು.

ಎದುರಿನ ಗೋಡೆಯ ತುಂಬ ದೊಡ್ಡ ಅಕ್ಷರದಲ್ಲಿ 'ನಿಮ್ಮ ಪ್ರತಿ ಉಸಿರಿನ ಮೇಲೂ ನಮ್ಮ ಕಣ್ಣು' ಎಂದು ಬರೆಸಿದ್ದರು. ಕಣ್ಣು ಊಟಕ್ಕೆ ಹೋಗಿದೆ ಎಂದುಕೊಂಡಳು ಸೂಜಿಯಮ್ಮ.

ಗಂಟೆ ಒಂದೂ ನಲವತ್ತು. ನಾಲ್ಕಕ್ಕೆ ಸರಿಯಾಗಿ, ಮನೆಯಲ್ಲಿರುವ ರೋಗಿಗಳನ್ನು ದೂರದಿಂದಲೇ ನೋಡಿಕೊಳ್ಳುವ ಈ ಕಂಪನಿಯ ವರದಿ ಪೊಲೀಸರ ಕೈ ಸೇರುತ್ತದೆ. ಅದರಲ್ಲಿ ಇರುವುದು ಒಬ್ಬಳದೇ ಹೆಸರು. ಎರಡನೇ ಸೀಟಿನ ನರ್ಸ್ ಹುಡುಗಿ, ವಯಸ್ಸು ಇಪ್ಪತ್ತಾರು. ವರದಿ ಹೋದರೆ ಅವಳು ನರ್ಸ್ ಆಗಿ ಉಳಿಯುವುದಿಲ್ಲ, ಹೊರಗೂ ಉಳಿಯುವುದಿಲ್ಲ. ಹುಡುಗಿಯ ಮನೆಯವರ ಪರವಾಗಿ ವಿಚಾರಿಸಲು ಬಂದ ಸೂಜಿಯಮ್ಮನನ್ನು ಹಳೆಯ ಇಲಾಖೆಯ ಹೆಸರಿಗೆ ಒಳಗೆ ಬಿಟ್ಟಿದ್ದರು.

ಆರು ದಿನದ ಹಿಂದೆ ಬಡಗಿ ಮೇಸ್ತ್ರಿಯೊಬ್ಬ ಮನೆಯಲ್ಲಿ ಹಾಸಿಗೆಯ ಮೇಲೆ ಸತ್ತಿದ್ದ. ಮರದ ಪುಡಿ ಕುಡಿದು ಕುಡಿದು ಕೆಟ್ಟ ಅವನ ಎದೆಗೆ ಆಸರೆಯಾಗಿದ್ದ ಆಕ್ಸಿಜನ್ ಯಂತ್ರದ ಸ್ವಿಚ್ ಆರಿತ್ತು. ಆರಿಸಿದ್ದು ಯಾರು ಎಂದು ಪೊಲೀಸರು ಯೋಚಿಸುವ ಮೊದಲೇ ಕಂಪನಿ ಅವರಿಗೆ ಬೇರೆ ಹೆಸರೊಂದನ್ನು ತಟ್ಟೆಯಲ್ಲಿಟ್ಟು ಕೊಟ್ಟಿತ್ತು. ಸ್ವಿಚ್ಚಿನ ಮಾತು ಆಮೇಲಿರಲಿ, ಉಸಿರು ಕಾಯುವ ನಮ್ಮ ಯಂತ್ರ ಎಚ್ಚರಿಸಿದರೂ ನಮ್ಮ ನರ್ಸ್ ಹದಿನೇಳು ಸಲ ಅದನ್ನು ಸುಳ್ಳೆಂದು ತಳ್ಳಿಹಾಕಿದ್ದಾಳೆ ಎಂದು. ಪೊಲೀಸರಿಗೂ ಸುಲಭವಾಯಿತು. ಮನೆಮನೆ ಅಲೆಯುವುದಕ್ಕಿಂತ ಕುರ್ಚಿಯಲ್ಲಿ ಕೂತವಳನ್ನು ಹಿಡಿಯುವುದು ಯಾವತ್ತೂ ಸುಲಭ.

"ಊಟದ ಹೊತ್ತು ಮೇಡಂ," ಎಂದ ಪಕ್ಕದಲ್ಲಿದ್ದ ಎಂಜಿನಿಯರ್. ಯಂತ್ರಕ್ಕೆ ಬುದ್ಧಿ ಕಟ್ಟಿದವನು ಇವನೇ. ತೆಳ್ಳಗೆ, ಕೊಕ್ಕೆಗೆ ನೇತುಹಾಕಿದ ಅಂಗಿಯ ಹಾಗಿದ್ದ. ಬಂದಾಗಿನಿಂದ ಅವನು ಸೂಜಿಯಮ್ಮನ ಮುಖ ನೋಡಿ ಮಾತಾಡಿರಲಿಲ್ಲ.

ಇದು ಕೆಲಸ ಮಾಡುವುದು ಹೇಗೆ ಎಂದು ಮತ್ತೊಮ್ಮೆ ಹೇಳು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳು ಎಂದಳು. ಅವನು ಹೇಳಿದ. ಮನೆಯಲ್ಲಿರುವ ರೋಗಿ ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ ಹಾಕಿಕೊಳ್ಳುತ್ತಾನೆ. ಮಂಚದ ಪಕ್ಕದ ಡಬ್ಬಿ ಅವನ ಉಸಿರು, ಕೆಮ್ಮು, ರಕ್ತದಲ್ಲಿನ ಆಕ್ಸಿಜನ್ ಎಲ್ಲ ಲೆಕ್ಕ ಹಾಕಿ ಇಲ್ಲಿಗೆ ಕಳಿಸುತ್ತದೆ. ಏನಾದರೂ ಹದ ತಪ್ಪಿದರೆ ನರ್ಸಿನ ಪರದೆ ಕೆಂಪಾಗುತ್ತದೆ. ಆಕೆ ವಿಚಾರಿಸಿ 'ನಿಜ' ಅಥವಾ 'ಸುಳ್ಳು' ಎಂದು ಒತ್ತಬೇಕು.

"ಅವರು ಒತ್ತಿದ್ದನ್ನ ನೋಡಿ ಯಂತ್ರ ಕಲೀತಾ ಹೋಗುತ್ತೆ ಮೇಡಂ. ಒಬ್ಬೊಬ್ಬ ರೋಗಿದೂ ಒಂದೊಂದು ರೀತಿ ಅಲ್ವಾ. ಒಬ್ಬನಿಗೆ ಆಕ್ಸಿಜನ್ ತೊಂಬತ್ತು ಅಂದ್ರೆ ಅಪಾಯ, ಇನ್ನೊಬ್ಬನಿಗೆ ಅದೇ ಮಾಮೂಲು."

"ಅಂದ್ರೆ ನರ್ಸ್ ಮೇಷ್ಟ್ರು, ಯಂತ್ರ ಶಿಷ್ಯ."

ಅವನು ಹೌದು ಎಂಬಂತೆ ತಲೆಯಾಡಿಸಿದ. ಈ ಕಂಪನಿಯಲ್ಲಿ ನೇರ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಅದೇ ಮೊದಲು.

ಸೂಜಿಯಮ್ಮ ಖಾಲಿ ಕುರ್ಚಿಗಳ ಸಾಲಿನಲ್ಲಿ ನಡೆದಳು. ಊಟಕ್ಕೆ ಹೋಗದೆ ಉಳಿದಿದ್ದ ಇಬ್ಬರು ನರ್ಸ್‌ಗಳು ತಲೆ ತಗ್ಗಿಸಿ ತಮ್ಮ ಪರದೆಗೇ ಅಂಟಿಕೊಂಡರು. ಸೂಜಿಯಮ್ಮನ ಮನೆಯ ಕಂಪ್ಯೂಟರ್ ಎರಡು ನಿಮಿಷ ಮುಟ್ಟದಿದ್ದರೆ ಕಣ್ಣು ಮುಚ್ಚಿಬಿಡುತ್ತದೆ. ಇಲ್ಲಿ ಮುಟ್ಟುವವರಿಲ್ಲದೆ ಆರು ಪರದೆಗಳು ಜಗಜಗಿಸುತ್ತಿವೆ.

ಮೂರನೇ ಮೇಜಿನ ಹತ್ತಿರ ಬಗ್ಗಿದಳು. ಕನ್ನಡಕ ಏರಿಸಿ ನೋಡಿದಳು. ಕೀಬೋರ್ಡಿನ ಎಂಟರ್ ಬಟನ್ನಿನ ಅಂಚಿಗೆ, ಸಂದಿನಲ್ಲಿ, ಅರ್ಧ ಕತ್ತರಿಸಿದ ರಬ್ಬರ್ ತುಂಡೊಂದನ್ನು ಸಿಕ್ಕಿಸಿದ್ದರು. ಮಕ್ಕಳು ಪೆನ್ಸಿಲ್ ಅಳಿಸುತ್ತಾರಲ್ಲ, ಆ ರಬ್ಬರ್. ಬಟನ್ ಒತ್ತಿದ್ದು ಒತ್ತಿದ ಹಾಗೇ ಇತ್ತು.

ನಾಲ್ಕನೇ ಮೇಜಿನಲ್ಲೂ ಇತ್ತು. ಐದು, ಆರು, ಏಳರಲ್ಲೂ ಇತ್ತು. ಹುಡುಗಿ ಕೂರುತ್ತಿದ್ದ ಎರಡನೇ ಮೇಜಿಗೆ ಈಗ ಹೊಸಬಳು ಬಂದಿದ್ದಾಳೆ. ಅವಳೂ ಆರೇ ದಿನದಲ್ಲಿ ಪದ್ಧತಿ ಕಲಿತು ತುಂಡೊಂದನ್ನು ಸಿಕ್ಕಿಸಿಟ್ಟು ಹೋಗಿದ್ದಳು.

"ಇದೇನಮ್ಮ?" ಎಂದು ಹತ್ತಿರದ ನರ್ಸನ್ನು ಕೇಳಿದಳು.

ಆಕೆ ಎಂಜಿನಿಯರನ್ನು ನೋಡಿದಳು, ನೆಲ ನೋಡಿದಳು, ಕೊನೆಗೆ ಬಾಯಿಬಿಟ್ಟಳು. ಮೂರು ನಿಮಿಷ ಬಟನ್ ಮುಟ್ಟದಿದ್ದರೆ ಪರದೆಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ 'ಸೀಟು ಖಾಲಿ' ಎಂದು ದಾಖಲಾಗುತ್ತದೆ. ತಿಂಗಳಲ್ಲಿ ಮೂರು ಸಲ ಹಾಗಾದರೆ ವಾರದ ರಜೆ ಕಟ್. ಊಟಕ್ಕೆ ಮುಕ್ಕಾಲು ಗಂಟೆ ಬಿಡುವು ಕೊಟ್ಟವರೇ ಈ ಬೀಗವನ್ನೂ ಇಟ್ಟವರು. ಯಾರಿಗೆ ದೂರು ಹೇಳುವುದು? ಯಾರೋ ಹಳಬರು ರಬ್ಬರ್ ಕಂಡುಹಿಡಿದರು, ಎಲ್ಲರೂ ಅದನ್ನೇ ಮಾಡಿದರು.

"ಇದು ನಿಂಗೆ ಗೊತ್ತಿತ್ತೇನಪ್ಪ?" ಎಂದು ಸೂಜಿಯಮ್ಮ ಎಂಜಿನಿಯರನ್ನು ಕೇಳಿದಳು. ಅವನ ಮುಖ ನೋಡಿದರೆ ಗೊತ್ತಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಎರಡು ವರ್ಷ ಯಂತ್ರಕ್ಕೆ ಪಾಠ ಹೇಳಿಸಿದವನು ಪಾಠದ ಕೋಣೆಗೆ ಊಟದ ಹೊತ್ತಿನಲ್ಲಿ ಒಂದು ದಿನವೂ ಕಾಲಿಟ್ಟಿರಲಿಲ್ಲ.

"ಪರದೆ ಕೆಂಪಾದಾಗ ಈ ಬಟನ್ ಒತ್ತಿದ್ರೆ ಏನಾಗುತ್ತೆ?"

ಅವನು ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕುಸಿದು ಕೂತ. ಹತ್ತರಲ್ಲಿ ಒಂಬತ್ತು ಎಚ್ಚರಿಕೆ ಸುಳ್ಳೇ ಆಗಿರುತ್ತವೆಂದು, ನರ್ಸ್‌ಗಳ ಅನುಕೂಲಕ್ಕೆಂದು, 'ಸುಳ್ಳು' ಎಂಬುದನ್ನೇ ಮೊದಲೇ ಆರಿಸಿ ಇಟ್ಟಿದ್ದ. ಎಂಟರ್ ಒತ್ತಿದರೆ ಸಾಕು, ಸುಳ್ಳು ಎಂದಾಗುತ್ತಿತ್ತು.

"ಆ ಹದಿನೇಳರ ಪಟ್ಟಿ ತಗೊಂಡು ಬಾ," ಎಂದಳು ಸೂಜಿಯಮ್ಮ. "ದಿನ, ಗಂಟೆ, ಕೆಂಪಾದ ಮೇಲೆ ಎಷ್ಟು ಸೆಕೆಂಡಿಗೆ ಒತ್ತಿದ್ದು, ಎಲ್ಲ ಇರಬೇಕು. ನಿಮ್ಮ ದೊಡ್ಡ ಡಾಕ್ಟರನ್ನ ಕೇಳೋಕೆ ಹೋಗಬೇಡ. ಕೇಳಿದ್ರೆ ಬೇಡ ಅಂತಾನೆ."

ಅವನು ಕೇಳದೆಯೇ ತಂದ. ಅಷ್ಟರಮಟ್ಟಿಗೆ ಅವನ ಮೇಲೆ ಅವಳಿಗೆ ಸ್ವಲ್ಪ ಮರ್ಯಾದೆ ಹುಟ್ಟಿತು, ಜಾಸ್ತಿಯೇನಲ್ಲ.

ಮೀಟಿಂಗ್ ರೂಮಿಗೆ ಹೋಗುವ ಓಣಿಯಲ್ಲಿ ಬೆಂಚಿನ ಮೇಲೆ ನರ್ಸ್ ಹುಡುಗಿಯ ಅಕ್ಕ ಕೂತಿದ್ದಳು. ಹೊಲಿಗೆ ಕೆಲಸದವಳು. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳು. ಮೂರು ದಿನದ ಹಿಂದೆ ಸೂಜಿಯಮ್ಮನ ಮನೆಗೆ ಬಂದು, ನನ್ನ ತಂಗಿಯನ್ನು ಉಳಿಸಿಕೊಡಿ ಎಂದು ಕೂತಲ್ಲಿಂದ ಏಳದೆ ಹಟ ಹಿಡಿದವಳೂ ಇವಳೇ. ಸೂಜಿಯಮ್ಮನಿಗೆ ಈ ಪ್ರಕರಣದಲ್ಲಿ ಕಂಡ ಒಬ್ಬಳೇ ಗಟ್ಟಿ ಹೆಂಗಸು.

"ಏನಾದ್ರೂ ಸಿಕ್ತಾ ಮೇಡಂ?"

"ಸಿಕ್ಕಿದೆ. ನೀನು ಇಲ್ಲೇ ಕೂತಿರು. ಅರ್ಧ ಗಂಟೆಲಿ ನಿನ್ನ ತಂಗೀನ ಕರ್ಕೊಂಡು ಹೋಗು."

ಅಕ್ಕನ ಕಣ್ಣು ತುಂಬಿತು. ಸೂಜಿಯಮ್ಮ ಅದನ್ನು ನೋಡದ ಹಾಗೆ ಮುಂದೆ ಹೋದಳು. ಅಳು ಕಂಡರೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ.

ಮೀಟಿಂಗ್ ರೂಮಿನಲ್ಲಿ ಕಂಪನಿಯ ದೊಡ್ಡ ಡಾಕ್ಟರ್ ಕೂತಿದ್ದ. ಕೆಳಗಿನವರು ಹಿಂದಿನಿಂದ ಅವನನ್ನು ಗ್ರಾಫ್ ಡಾಕ್ಟರ್ ಎನ್ನುತ್ತಾರೆ. ಒಂಬತ್ತು ವರ್ಷದಿಂದ ಅವನು ರೋಗಿಯ ಕೈ ಮುಟ್ಟಿದವನಲ್ಲ, ಗೆರೆಗಳನ್ನು ಮಾತ್ರ ನೋಡಿದವನು. ಕೊರಳಲ್ಲಿ ಸ್ಟೆತಸ್ಕೋಪ್ ಮಾತ್ರ ಹಾಗೇ ಇತ್ತು, ಫೋಟೋದವರು ಯಾವಾಗ ಬರುತ್ತಾರೋ ಏನೋ ಎಂಬಂತೆ.

ಮೇಜಿನ ಆ ತುದಿಯಲ್ಲಿ ನರ್ಸ್ ಹುಡುಗಿ ಮುದುಡಿಕೊಂಡಿದ್ದಳು. ಮೂರು ದಿನದಿಂದ ಸೂಜಿಯಮ್ಮ ಏನು ಕೇಳಿದರೂ ಅವಳದು ಒಂದೇ ಉತ್ತರ, ನೆನಪಿಲ್ಲ ಮೇಡಂ. ಜೈಲು ಬಾಗಿಲಲ್ಲಿ ನಿಂತವಳಿಗೆ ನೆನಪಿಲ್ಲವಂತೆ. ಅಕ್ಕ ಹೊರಗೆ ಒದ್ದಾಡುತ್ತಿದ್ದರೆ ಇವಳು ಉಪ್ಪು ಬಿದ್ದ ಹುಳುವಿನ ಹಾಗೆ ಕರಗುತ್ತ ಕೂತಿದ್ದಾಳಲ್ಲ ಎಂದು ಸೂಜಿಯಮ್ಮನಿಗೆ ಗಂಟಲವರೆಗೂ ತಾತ್ಸಾರ ಬಂದಿತ್ತು.

"ನಿಮಗೆ ಐದು ನಿಮಿಷ ಕೊಡಬಲ್ಲೆ ಮೇಡಂ," ಎಂದ ಗ್ರಾಫ್ ಡಾಕ್ಟರ್. ಅವಳ ಹಿಂದೆ ಬಂದ ಎಂಜಿನಿಯರನ್ನು ಕಂಡು ಹುಬ್ಬು ಗಂಟಿಕ್ಕಿದ. "ಇವರಿಗೇನು ಕೆಲಸ ಇಲ್ಲಿ?"

"ನಿಮ್ಮ ಯಂತ್ರಕ್ಕೆ ಪಾಠ ಹೇಳಿದ ಮೇಷ್ಟ್ರನ್ನ ಪರಿಚಯ ಮಾಡ್ಸೋಕೆ ಕರ್ಕೊಂಡು ಬಂದೆ," ಎಂದು ಸೂಜಿಯಮ್ಮ ರಬ್ಬರ್ ತುಂಡನ್ನು ಮೇಜಿನ ಮೇಲಿಟ್ಟಳು.

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಹುಮ್ಮಸ್ಸು ಅವಳಿಗಿತ್ತು. ಗೋಡೆಯ ಪಕ್ಕದ ಕಂಪ್ಯೂಟರಿನ ಎಂಟರ್ ಬಟನ್ನಿಗೆ ರಬ್ಬರ್ ಸಿಕ್ಕಿಸಿ, ಸುಮ್ಮನೆ ಪರೀಕ್ಷೆಗೆಂದು ಒಂದು ಎಚ್ಚರಿಕೆ ಕಳಿಸು ಎಂದು ಎಂಜಿನಿಯರಿಗೆ ಹೇಳಿದಳು. ಅವನು ತನ್ನ ಲ್ಯಾಪ್‌ಟಾಪಿನಿಂದ ಕಳಿಸಿದ. ಪರದೆ ಕೆಂಪಾಯಿತು ಎನ್ನುವಷ್ಟರಲ್ಲಿ ಮತ್ತೆ ಹಸಿರಾಯಿತು. ಇನ್ನೊಂದು ಸಲ ಕಳಿಸಿದ. ಹಾಗೇ ಆಯಿತು. ಗ್ರಾಫ್ ಡಾಕ್ಟರ್ ಕುರ್ಚಿಯಿಂದ ಅರ್ಧ ಎದ್ದವನು ಅಲ್ಲೇ ನಿಂತ.

ಮೇಸ್ತ್ರಿಗೆ ದಿನಾ ಊಟ ಮಾಡಿ ಅಡ್ಡಾದ ಮೇಲೆ ಉಸಿರು ಕುಗ್ಗುತ್ತಿತ್ತು ಎಂದಳು ಸೂಜಿಯಮ್ಮ. ಅದು ನಿಜವಾದ ಅಪಾಯ, ಯಂತ್ರ ದಿನಾ ಸರಿಯಾಗಿಯೇ ಕೂಗಿದೆ. ಇಲ್ಲಿ ಆಗ ಊಟದ ಹೊತ್ತು, ಕುರ್ಚಿಯಲ್ಲಿ ಯಾರೂ ಇಲ್ಲ. ರಬ್ಬರ್ ದಿನಾ ಸುಳ್ಳು ಎಂದಿದೆ. ಓ, ಈ ಮನುಷ್ಯನ ಉಸಿರೇ ಹೀಗೆ ಎಂದು ಯಂತ್ರ ಕಲಿತುಕೊಂಡಿದೆ.

"ಇಷ್ಟು ದಿನ ಜಾಹೀರಾತಲ್ಲೆಲ್ಲ ಅನುಭವಿ ನರ್ಸ್‌ಗಳಿಂದ ಕಲಿತ ಯಂತ್ರ ಅಂತ ಬರೆಸ್ಕೊಂಡಿದ್ರಲ್ಲ ಡಾಕ್ಟ್ರೇ. ರಬ್ಬರಿನಿಂದ ಕಲಿತದ್ದು ಅಂತ ತಿದ್ದಿಸಿಬಿಡಿ. ಒಬ್ಬ ಮೇಸ್ತ್ರಿ ಕತೆ ಅಲ್ಲ ಇದು. ಎಂಟು ಸೀಟು, ಐನೂರು ಮನೆ, ದಿನಾ ಮುಕ್ಕಾಲು ಗಂಟೆ. ಇನ್ನೆಷ್ಟು ಜನರ ಉಸಿರಿನ ಬಗ್ಗೆ ನಿಮ್ಮ ಶಿಷ್ಯ ತಪ್ಪು ಕಲಿತಿದ್ದಾನೋ."

ಗ್ರಾಫ್ ಡಾಕ್ಟರನ ಮುಖದ ಬಣ್ಣ ಹೋಯಿತು. ಐನೂರು ಮನೆಯವರ ನೆನಪಾಗಿ ಹೋಗಿದ್ದರೆ ಅವನ ಮೇಲೆ ಒಂದಿಷ್ಟು ಗೌರವ ಬರುತ್ತಿತ್ತು. ಅವನು ಮೊದಲು ಕೇಳಿದ್ದು, ಇದು ಹೊರಗಿನವರಿಗೆ ಯಾರಿಗಾದರೂ ಗೊತ್ತೇ ಎಂದು.

"ಇನ್ನೂ ಇಲ್ಲ. ಇವಳ ಹೆಸರು ಬಿಟ್ಟು ವರದಿ ಬರೆದ್ರೆ, ಮಿಕ್ಕಿದ್ದು ಆಮೇಲೆ ಮಾತಾಡೋಣ."

ಅವನು ಪಟ್ಟಿಗೆ ಕೈ ಚಾಚಿದ. ಅವಳು ಕೊಟ್ಟಳು. ಕೊಡುವ ಮೊದಲು ಕೊನೆಯ ಸಾಲಿನವರೆಗೂ ಓದಿರಲಿಲ್ಲ. ಎರಡು ಸಲ ಎಣಿಸುವವಳು ಅವತ್ತು ಒಂದು ಸಲವೂ ಪೂರ್ತಿ ಎಣಿಸಿರಲಿಲ್ಲ. ಗೆದ್ದೆ ಎಂಬ ಹಮ್ಮು ಅಷ್ಟಿತ್ತು.

ಗ್ರಾಫ್ ಡಾಕ್ಟರ್ ಬೆರಳಿಟ್ಟು ಓದುತ್ತ ಇಳಿದ. ಅರ್ಧ ಸೆಕೆಂಡ್, ಅರ್ಧ ಸೆಕೆಂಡ್, ಅರ್ಧ ಸೆಕೆಂಡ್. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಹೋಗಿದ್ದ ಬಣ್ಣ ಮೆಲ್ಲಗೆ ವಾಪಸ್ಸು ಬಂತು.

"ಹದಿನಾರು ನಿಮ್ಮ ರಬ್ಬರಿಂದು, ಒಪ್ಪಿದೆ. ಈ ಹದಿನೇಳನೇದು ನೋಡಿ ಮೇಡಂ. ಮೇಸ್ತ್ರಿ ಸತ್ತ ದಿನ, ಬೆಳಿಗ್ಗೆ ಹತ್ತೂ ಇಪ್ಪತ್ತು. ಊಟದ ಹೊತ್ತಲ್ಲ. ಕೆಂಪಾದ ನಲವತ್ತೊಂದು ಸೆಕೆಂಡಿಗೆ ಒತ್ತಿದ್ದು. ರಬ್ಬರ್ ಇಷ್ಟು ಹೊತ್ತು ಯೋಚನೆ ಮಾಡುತ್ತಾ?"

ಸೂಜಿಯಮ್ಮ ಪಟ್ಟಿಯನ್ನು ಕಿತ್ತುಕೊಂಡು ನೋಡಿದಳು. ಅವನು ಹೇಳಿದ್ದು ಸರಿಯಾಗಿತ್ತು. ಸಾಮಾನ್ಯವಾಗಿ ಒಂದು ಸಲ ಸುಳ್ಳೆಂದರೂ ಉಸಿರು ಸರಿಹೋಗದಿದ್ದರೆ ಐದು ನಿಮಿಷಕ್ಕೆ ಯಂತ್ರ ಮತ್ತೆ ಕೂಗುತ್ತದೆ ಎಂದು ಎಂಜಿನಿಯರ್ ತಗ್ಗಿದ ದನಿಯಲ್ಲಿ ಹೇಳಿದ. ಅವತ್ತು ಕೂಗಲಿಲ್ಲ. ಹದಿನಾರು ದಿನದ ಪಾಠ ಆಗಿತ್ತಲ್ಲ, ಹದಿನೇಳನೆಯ ಮಾತನ್ನು ಅದು ಕಣ್ಣುಮುಚ್ಚಿ ನಂಬಿತು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಸತ್ತಿದ್ದ.

ಎಲ್ಲರೂ ಹುಡುಗಿಯ ಕಡೆ ತಿರುಗಿದರು.

"ಅದು ನಾನೇ ಒತ್ತಿದ್ದು," ಎಂದಳು ಅವಳು. "ನನ್ನ ಹೆಸರು ಬರ್ಕೊಳ್ಳಿ ಸರ್. ಹದಿನೇಳೂ ನಾನೇ ಅಂತ ಬರ್ಕೊಳ್ಳಿ."

ಮೂರು ದಿನ ನೆನಪಿಲ್ಲ ಎಂದವಳಿಗೆ ಈಗ ರಬ್ಬರ್ ಒತ್ತಿದ್ದೂ ತಾನೇ ಎಂದು ನೆನಪಾಗಿತ್ತು. ಸೂಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು, ಅವರು ಯಾರನ್ನೋ ಬಚ್ಚಿಡುತ್ತಿರುತ್ತಾರೆ, ಇಲ್ಲವೇ ಶುದ್ಧ ದಡ್ಡರಾಗಿರುತ್ತಾರೆ. ಇವಳನ್ನು ಅವಳು ಯಾವಾಗಲೋ ದಡ್ಡರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಳು.

"ನಲವತ್ತೊಂದು ಸೆಕೆಂಡ್ ಏನು ಮಾಡ್ತಿದ್ದೆ? ಪರದೆ ನೋಡೋಕೆ ಐದು ಸೆಕೆಂಡ್ ಸಾಕು."

ಎಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿ ಹೇಳಿದ. ಎರಡನೇ ಸೀಟಿನಿಂದ ಅದೇ ಹೊತ್ತಿಗೆ ಒಂದು ಫೋನ್ ಹೋಗಿತ್ತು, ಮೇಸ್ತ್ರಿಯ ಮಂಚದ ಪಕ್ಕದ ಫೋನಿಗೆ. ಇಪ್ಪತ್ತಾರು ಸೆಕೆಂಡ್ ಮಾತಾಗಿತ್ತು.

ಆ ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಔಷಧಿ ತರಲು ಹೋಗಿದ್ದಳು. ಮನೆಯಲ್ಲಿ ರೋಗಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ ಎಂದು ಪೊಲೀಸರು ಷರಾ ಬರೆದಾಗಿತ್ತು. ಮಂಚದಿಂದ ಏಳಲಾರದ, ಎರಡು ಮಾತಿಗೆ ಏದುಸಿರು ಬಿಡುವ ಮೇಸ್ತ್ರಿ ಇಪ್ಪತ್ತಾರು ಸೆಕೆಂಡ್ ಮಾತಾಡಿದನೇ?

"ವಿಚಾರಿಸಿಯೇ ಒತ್ತಿದ್ದಾಳೆ," ಎಂದಳು ಸೂಜಿಯಮ್ಮ ಗ್ರಾಫ್ ಡಾಕ್ಟರನ ಕಡೆ ತಿರುಗಿ. "ನಿಮ್ಮ ನಿಯಮದ ಪ್ರಕಾರವೇ ನಡ್ಕೊಂಡಿದ್ದಾಳೆ. ಆ ಕಡೆಯಿಂದ ಯಾರೋ ಚೆನ್ನಾಗಿದ್ದಾರೆ ಅಂತ ಹೇಳಿದ್ದಾರೆ, ಇವಳು ನಂಬಿದ್ದಾಳೆ. ಫೋನುಗಳನ್ನೆಲ್ಲ ರೆಕಾರ್ಡ್ ಮಾಡಿ ಇಡ್ತೀರಲ್ವಾ?"

ಇಡುತ್ತಾರಂತೆ. ಪ್ರತಿ ಕರೆಯೂ ಇದೆಯಂತೆ. ಆರು ದಿನದಲ್ಲಿ ಒಬ್ಬರೂ ಅದನ್ನು ತೆಗೆದು ಕೇಳಿರಲಿಲ್ಲ. ರೆಕಾರ್ಡ್ ಮಾಡುವುದು ಯಂತ್ರ ಕೇಳಿ ಕಲಿಯಲಿ ಎಂದು. ಮನುಷ್ಯರು ಕೇಳಬೇಕೆಂದು ಇಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಹಾಕು," ಎಂದಳು ಎಂಜಿನಿಯರಿಗೆ.

"ಬೇಡ ಮೇಡಂ."

ಹುಡುಗಿ ಎದ್ದು ನಿಂತಿದ್ದಳು. ಮೂರು ದಿನದಲ್ಲಿ ಮೊದಲ ಸಲ ಅವಳ ದನಿ ಏರಿತ್ತು. ಮೇಜು ಸುತ್ತಿ ಬಂದು ಸೂಜಿಯಮ್ಮನ ಕೈ ಹಿಡಿದುಕೊಂಡಳು.

"ನಿಮ್ಮ ದಮ್ಮಯ್ಯ ಮೇಡಂ, ಬೇಡ. ನಾನೇ ತಪ್ಪು ಮಾಡ್ದೆ ಅಂತ ಬರೆದುಕೊಡ್ತೀನಿ. ಇಲ್ಲಿಗೆ ಬಿಟ್ಟುಬಿಡಿ."

ಸೂಜಿಯಮ್ಮ ಕೈ ಬಿಡಿಸಿಕೊಂಡಳು. "ನಿನ್ನನ್ನ ಉಳಿಸೋ ಸಾಕ್ಷಿ ಕಣೇ ಇದು. ಹೊರಗೆ ನಿನ್ನಕ್ಕ ಕೂತಿದ್ದಾಳೆ. ಅವಳ ಮುಖ ನೋಡಿಯಾದ್ರೂ ಸುಮ್ಮನೆ ಕೂತ್ಕೋ."

ಎಂಜಿನಿಯರ್ ಬಟನ್ ಒತ್ತಿದ.

ಫೋನ್ ನಾಲ್ಕು ಸಲ ರಿಂಗಾಯಿತು. ಯಾರೋ ಎತ್ತಿದರು. ನಮಸ್ಕಾರ, ಯಂತ್ರ ಎಚ್ಚರಿಕೆ ಕೊಡ್ತಿದೆ, ಮೇಸ್ತ್ರಿಗಳು ಹೇಗಿದ್ದಾರೆ ಎಂದು ಕೇಳಿದ್ದು ಈ ಹುಡುಗಿಯ ದನಿಯೇ. ಆ ಕಡೆ ಒಂದು ಗಳಿಗೆ ಮೌನ. ಹಿಂದೆ ಎಲ್ಲೋ ಒಂದು ಎದೆ ಕಷ್ಟಪಟ್ಟು ಗಾಳಿ ಎಳೆಯುತ್ತಿತ್ತು. ಆಮೇಲೆ ಒಂದು ಹೆಂಗಸಿನ ದನಿ, ಮೆತ್ತಗೆ, ಅವಸರವಿಲ್ಲದೆ.

"ಅಪ್ಪ ಚೆನ್ನಾಗಿದ್ದಾರೆ. ಈಗ ತಾನೆ ಓಡಾಡಿ ಬಂದ್ರು, ಅದಕ್ಕೇ ಏದುಸಿರು. ನಾನು ಪಕ್ಕದಲ್ಲೇ ಇದ್ದೀನಿ, ನೀವೇನೂ ಯೋಚನೆ ಮಾಡಬೇಡಿ."

ಹುಡುಗಿಯ ದನಿ ಏನೋ ಕೇಳಲು ಹೋಗಿ ತಡವರಿಸಿತು. ಫೋನ್ ಇಟ್ಟ ಸದ್ದಾಯಿತು.

ಗ್ರಾಫ್ ಡಾಕ್ಟರ್ ಫೈಲಿನ ಹಾಳೆ ತಿರುವಿದ. ಮೇಸ್ತ್ರಿಗೆ ಮಕ್ಕಳಿಲ್ಲ ಎಂದು ಅದರಲ್ಲಿ ಬರೆದಿತ್ತು. "ಯಾರಿದು? ಅಪ್ಪ ಅಂತಾಳಲ್ಲ?" ಎಂದ.

ಆ ದನಿ ಮೂರು ದಿನದ ಹಿಂದೆ ಸೂಜಿಯಮ್ಮನ ಮನೆಯ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಮಾತಾಡಿತ್ತು. ಆ ಮೇಸ್ತ್ರಿ ಯಾರೋ, ಆ ಮನೆ ಯಾವ ಬೀದಿಯಲ್ಲಿದೆಯೋ ನನಗೆ ಗೊತ್ತಿಲ್ಲ ಮೇಡಂ ಎಂದು ಆಣೆ ಮಾಡಿ ಹೇಳಿತ್ತು. ಈ ಪ್ರಕರಣದಲ್ಲಿ ಅವಳು ನಂಬಿದ್ದು ಆ ಒಂದು ದನಿಯನ್ನು ಮಾತ್ರ.

ಹುಡುಗಿ ಕುರ್ಚಿಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಸೂಜಿಯಮ್ಮನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು.

"ದನಿ ಗುರ್ತು ಸಿಕ್ಕಿದ್ದಕ್ಕೇ ನಂಬಿ ಒತ್ತಿದ್ದು ಮೇಡಂ. ಅಲ್ಲಿಗೆ ಯಾಕೆ ಹೋಗಿದ್ಲು ಅಂತ ಆರು ದಿನದಿಂದ ಒಂದೇ ಮನೇಲಿದ್ದೂ ಕೇಳೋಕೆ ಧೈರ್ಯ ಬಂದಿಲ್ಲ."

ದಡ್ಡಿ ಎಂದುಕೊಂಡಿದ್ದವಳ ಮುಖವನ್ನು ಸೂಜಿಯಮ್ಮ ಮೊದಲ ಸಲ ಸರಿಯಾಗಿ ನೋಡಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಷ್ಟು ಹೊತ್ತು ಈ ಕಟ್ಟಡದವರ ಮೇಲೆಲ್ಲ ಉಗುಳಿದ ತಾತ್ಸಾರವಷ್ಟೂ ತಿರುಗಿ ಬಂದು ಅವಳ ಮೇಲೇ ಬಿದ್ದಿತ್ತು.

"ನಿಮಗೆ ಈ ದನಿ ಗೊತ್ತಾ ಮೇಡಂ?" ಗ್ರಾಫ್ ಡಾಕ್ಟರ್ ಅವಳನ್ನೇ ನೋಡುತ್ತಿದ್ದ. ಗೆರೆಗಳನ್ನು ಬಿಟ್ಟು ಮನುಷ್ಯರ ಮುಖ ನೋಡುವುದನ್ನು ಅವನು ಕಲಿಯಲು ಇದೇ ಗಳಿಗೆ ಬೇಕಿತ್ತು.

ಗೊತ್ತೆಂದರೆ, ಆರಿದ ಸ್ವಿಚ್ಚಿನ ಪಕ್ಕದಲ್ಲಿದ್ದ ಅಕ್ಕ ಹೋದಳು. ಗೊತ್ತಿಲ್ಲವೆಂದರೆ ನಾಲ್ಕು ಗಂಟೆಗೆ ತಂಗಿ ಹೋದಳು. ಸೂಜಿಯಮ್ಮ ಬಾಯಿ ತೆರೆದಳು, ಏನು ಹೇಳುತ್ತೇನೆಂದು ಅವಳಿಗೇ ತಿಳಿದಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಸರಿಯಿತು. ಅರ್ಧ ಗಂಟೆ ಎಂದು ಹೇಳಿದ್ದನ್ನೇ ನಂಬಿ, ಗಡಿಯಾರ ನೋಡಿಕೊಂಡು, ಅಕ್ಕ ಒಳಗೆ ತಲೆ ಹಾಕಿದ್ದಳು.

"ಆಯ್ತಾ ಮೇಡಂ? ನನ್ನ ತಂಗಿ ಬರಬಹುದಾ?" ಎಂದು ಕೇಳಿದಳು, ಮೆತ್ತಗೆ, ಅವಸರವಿಲ್ಲದೆ. "ನಾನು ಪಕ್ಕದಲ್ಲೇ ಇದ್ದೀನಿ, ನೀವೇನೂ ಯೋಚನೆ ಮಾಡಬೇಡಿ."

ಎಂಜಿನಿಯರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ.

"ಇನ್ನೊಂದು ಸಲ ಹಾಕು," ಎಂದು ಗ್ರಾಫ್ ಡಾಕ್ಟರ್ ಅವನಿಗೆ ಹೇಳಿದ, ಅಕ್ಕನ ಮುಖದ ಮೇಲಿಂದ ಕಣ್ಣು ತೆಗೆಯದೆ.